ಅಪ್ಪನ ಸೆಕ್ಸ್‌ಟೆಂಟ್ 9 ಮೈಲು ತಪ್ಪು ತೋರಿಸುತ್ತಿದೆ: ಯಾವುದನ್ನು ಒರೆಸಬೇಕು, ಯಾವುದನ್ನು ಮುಟ್ಟಬಾರದು?

ಕಾಳಿದಂಡೆ, ಕಾರವಾರ

ಎಲ್ಲರಿಗೂ ನಮಸ್ಕಾರ. ನಮ್ಮ ಅಪ್ಪ ಸರಕು ಹಡಗಿನಲ್ಲಿ ದುಡಿದವರು. ಅವರು ಹೋದ ಮೇಲೆ ಅಟ್ಟದ ಮೇಲಿದ್ದ ಮರದ ಪೆಟ್ಟಿಗೆ ನನ್ನ ಪಾಲಿಗೆ ಬಂತು. ಒಳಗೆ ಅವರ ಸೆಕ್ಸ್‌ಟೆಂಟ್ ಇದೆ, ಸೂರ್ಯ, ನಕ್ಷತ್ರಗಳ ಎತ್ತರ ಅಳೆದು ಹಡಗು ಎಲ್ಲಿದೆ ಎಂದು ತಿಳಿಯುವ ಸಾಧನ. ಹಿತ್ತಾಳೆ ಚೌಕಟ್ಟು, ಕೆಳಗೆ ಡಿಗ್ರಿ ಗೀರುಗಳಿರುವ ಕಮಾನು, ಮಿನಿಟ್ (ಡಿಗ್ರಿಯ ಅರವತ್ತನೇ ಒಂದು ಭಾಗ) ಓದುವ ಡ್ರಮ್, ಎರಡು ಕನ್ನಡಿ, ಬಣ್ಣದ ಶೇಡ್ ಗಾಜುಗಳು, ಒಂದು ಪುಟ್ಟ ಟೆಲಿಸ್ಕೋಪ್. ಚಿಕ್ಕವಳಿದ್ದಾಗ ಅಪ್ಪ ರಜೆಗೆ ಬಂದರೆ ಇದನ್ನು ನನ್ನ ಕೈಗೆ ಕೊಟ್ಟು, ಸೂರ್ಯನನ್ನು ಸಮುದ್ರದ ಗೆರೆಗೆ ಇಳಿಸುವುದು ಹೇಗೆ ಎಂದು ತೋರಿಸುತ್ತಿದ್ದರು. ಈಗ ಅದನ್ನು ಸರಿಯಾಗಿ ಕಲಿಯಬೇಕು ಎಂಬ ಆಸೆ.

ಆದರೆ ಸಾಧನದ ಸ್ಥಿತಿ ಚೆನ್ನಾಗಿಲ್ಲ. ಎರಡು ವರ್ಷದ ಹಿಂದೆ ಡ್ರಮ್ ಬಿಗಿಯಾಗಿದೆ ಎಂದು ನಾನೇ ತೆಂಗಿನ ಎಣ್ಣೆ ಹಾಕಿದ್ದೆ. ಈಗ ಅದು ಅಂಟಂಟಾಗಿ, 40ರಿಂದ 50 ಡಿಗ್ರಿ ನಡುವೆ ಕಚ್ಚಿಕೊಳ್ಳುತ್ತದೆ. ಈ ಸಲ ಚೌತಿ ಹಬ್ಬಕ್ಕೆ ಮುಂಚೆ ಅತ್ತೆ ದೀಪ, ತಂಬಿಗೆ, ಹರಿವಾಣಗಳ ಜೊತೆ ಇದನ್ನೂ ಹುಣಸೆಹಣ್ಣು ಹಾಕಿ ತಿಕ್ಕಿಬಿಟ್ಟರು. ಒಳ್ಳೇ ಮನಸ್ಸಿನಿಂದಲೇ ಮಾಡಿದ್ದು. ಕಮಾನು ಹೊಸದರ ಹಾಗೆ ಹೊಳೆಯುತ್ತಿದೆ, ಆದರೆ ಗೀರುಗಳಲ್ಲಿದ್ದ ಕಪ್ಪು ಪೂರ್ತಿ ಹೋಗಿದೆ. ಬಿಸಿಲಲ್ಲಿ ಡಿಗ್ರಿ ಓದಲು ಆಗುವುದಿಲ್ಲ. ಸಣ್ಣ ಕನ್ನಡಿಯ ಅಂಚಿನಲ್ಲಿ ಕಂದು ಕಲೆ ಬೇರೆ.

ಹೋದ ಭಾನುವಾರ ಮಾವನ ಬೋಟಿನಲ್ಲಿ ದೇವಗಡ ದೀಪಸ್ತಂಭ ದಾಟಿ ಹೋಗಿ ನಡುಮಧ್ಯಾಹ್ನದ ಸೂರ್ಯನ ಎತ್ತರ ಅಳೆದೆ. ಲೆಕ್ಕ ಮಾಡಿದರೆ ಅಕ್ಷಾಂಶ 14 ಡಿಗ್ರಿ 57 ಮಿನಿಟ್ ಬಂತು. ಫೋನಿನ ಜಿಪಿಎಸ್ ಹೇಳಿದ್ದು 14 ಡಿಗ್ರಿ 48. ಒಂದು ಮಿನಿಟ್ ಎಂದರೆ ಒಂದು ನಾಟಿಕಲ್ ಮೈಲು, 1852 ಮೀಟರ್. ಅಂದರೆ ಸುಮಾರು 17 ಕಿಲೋಮೀಟರ್ ಉತ್ತರಕ್ಕೆ, ಗೋವಾ ಗಡಿಯ ಆಚೆ. ಲೆಕ್ಕವನ್ನು ಎರಡು ಸಲ ಮಾಡಿದೆ, ಡಿಪ್ (ಕಣ್ಣು ನೀರಿಗಿಂತ ಎತ್ತರದಲ್ಲಿರುವುದರಿಂದ ಕಡಲ ಗೆರೆ ತಗ್ಗಿ ಕಾಣುವ ಕೋನ) ಕಳೆದಿದ್ದೇನೆ, ನಾವಿಕರ ಪಂಚಾಂಗದಿಂದ ತೆಗೆದ ಕ್ರಾಂತಿಯೂ (ಸೂರ್ಯ ಭೂಮಧ್ಯರೇಖೆಯಿಂದ ಎಷ್ಟು ಉತ್ತರಕ್ಕೆ ಅಥವಾ ದಕ್ಷಿಣಕ್ಕೆ ಇದ್ದಾನೆ ಎಂಬ ಕೋನ) ಆ ದಿನದ್ದೇ. ತಪ್ಪು ಸಾಧನದಲ್ಲೇ ಇರಬೇಕು. ಎಲ್ಲಿಂದ ಶುರು ಮಾಡಲಿ?


ಹಳೇ ಮೇಟ್, ಕುಮಟಾ

ತಂಗಿ, ಮೊದಲು ಒರೆಸುವುದನ್ನು ನಿಲ್ಲಿಸು. ಇದು ಬೈಗುಳ ಅಲ್ಲ. ಸೆಕ್ಸ್‌ಟೆಂಟ್‌ಗಳು ಉಪ್ಪಿನಿಂದ ಹಾಳಾಗುವಷ್ಟೇ ತಿಕ್ಕಾಟದಿಂದಲೂ ಹಾಳಾಗುತ್ತವೆ. ನಾನು ಹಡಗಿನಲ್ಲಿದ್ದಾಗ ಹೊಸ ಹುಡುಗರು ಹಿತ್ತಾಳೆ ಪಾಲಿಶ್ ಹಾಕಿ ಕಮಾನನ್ನು ಫಳಫಳ ಮಾಡಿ ತಂದು ತೋರಿಸುತ್ತಿದ್ದರು. ನನಗೆ ಹೊಟ್ಟೆ ಉರಿಯುತ್ತಿತ್ತು. ಆ ಪಾಲಿಶ್‌ನಲ್ಲಿ ನುಣ್ಣನೆಯ ಪುಡಿ ಇರುತ್ತದೆ. ಪ್ರತಿ ಸಲ ಗೀರು ಕೂದಲೆಳೆಯಷ್ಟು ತೆಳುವಾಗುತ್ತದೆ. ಹಳೇ ಹಿತ್ತಾಳೆ ಮಾಸಿದ್ದರೆ ಮಾಸಿರಲಿ. ಅದು ಅಳತೆಗೆ ಅಡ್ಡ ಬರುವುದಿಲ್ಲ.

ಎರಡನೆಯದು. 9 ಮಿನಿಟಿನ ತಪ್ಪು ಕೊಳೆಯಿಂದ ಬರುವಂಥದ್ದಲ್ಲ. ಕೊಳೆ ಇದ್ದರೆ ಬಿಂಬ ಮಸುಕಾಗುತ್ತದೆ, ಡ್ರಮ್ ಕಚ್ಚುತ್ತದೆ. ಇಷ್ಟು ದೊಡ್ಡ ತಪ್ಪಿಗೆ ನನ್ನ ಮೊದಲ ಅನುಮಾನ ಇಂಡೆಕ್ಸ್ ಎರರ್ ಮೇಲೆ. ಕಮಾನಿನ ಮೇಲೆ ಸರಿಯುವ ತೋಳನ್ನು ಸೊನ್ನೆಗೆ ತಂದಾಗ ಎರಡು ಕನ್ನಡಿಗಳೂ ಒಂದಕ್ಕೊಂದು ಸಮಾನಾಂತರ ಇರಬೇಕು. ಇಲ್ಲದಿದ್ದರೆ ಆ ವ್ಯತ್ಯಾಸ ನೀನು ಅಳೆಯುವ ಪ್ರತಿ ಕೋನಕ್ಕೂ ಸೇರಿಕೊಳ್ಳುತ್ತದೆ. ಎತ್ತರ ಅಳೆಯುವ ಮೊದಲು ಸೊನ್ನೆ ನೋಡಿದ್ದೆಯಾ?

ನೋಡಿಲ್ಲದಿದ್ದರೆ ಹೀಗೆ ಮಾಡು. ಠಾಗೋರ್ ಕಡಲ ತೀರಕ್ಕೆ ಹೋಗು. ಕೂರ್ಮಗಡ, ದೇವಗಡಗಳ ನಡುವೆ ಬರೀ ನೀರಿನ ಗೆರೆ ಕಾಣುವ ಕಡೆ ತಿರುಗು. ತೋಳು ಸೊನ್ನೆ, ಡ್ರಮ್ ಸೊನ್ನೆ. ಟೆಲಿಸ್ಕೋಪಿನಲ್ಲಿ ಗೆರೆ ಎರಡು ತುಂಡಾಗಿ ಕಾಣಿಸುತ್ತದೆ, ಎಡಕ್ಕೆ ನಿಜವಾದದ್ದು, ಬಲಕ್ಕೆ ಕನ್ನಡಿಯದ್ದು. ಎರಡೂ ಕೂಡುವವರೆಗೆ ಡ್ರಮ್ ತಿರುಗಿಸು. ಆಮೇಲೆ ಡ್ರಮ್ ಏನು ಹೇಳುತ್ತದೆ ಎಂದು ಬರೆದು ತಿಳಿಸು. ಸದ್ಯಕ್ಕೆ ಯಾವ ಸ್ಕ್ರೂವನ್ನೂ ಮುಟ್ಟಬೇಡ.


ಸಾಣಿಕಟ್ಟಾ ಹುಡುಗ, ಗೋಕರ್ಣ ಹತ್ತಿರ

ಉಪ್ಪಿನ ಬಗ್ಗೆ ಎರಡು ಮಾತು. ನಮ್ಮದು ಉಪ್ಪಿನ ಆಗರದ ಊರು. ಜೂನ್ ತಿಂಗಳಲ್ಲಿ ಉಪ್ಪಿನ ಭರಣಿ ತೆಗೆದರೆ ಮೇಲೆ ನೀರು ನಿಂತಿರುತ್ತದೆ ಅಲ್ವಾ? ಅದೇ ನಿಮ್ಮ ಕನ್ನಡಿಯ ಮೇಲೂ ಆಗುತ್ತದೆ. ಕಡಲ ಗಾಳಿಯ ಹನಿ ಒಣಗಿ ಕಣ್ಣಿಗೆ ಕಾಣದ ಹರಳಾಗಿ ಕೂರುತ್ತದೆ. ರಾತ್ರಿ ಗಾಳಿಯ ತೇವ ಹೀರಿ ಮತ್ತೆ ಕರಗುತ್ತದೆ. ಹೀಗೆ ದಿನಾ ಒದ್ದೆ, ದಿನಾ ಒಣ. ಕನ್ನಡಿಯ ಹಿಂದಿನ ಬೆಳ್ಳಿ ಲೇಪ ಅಂಚಿನಿಂದ ಸಾಯುವುದು ಈ ಕಾರಣಕ್ಕೇ. ನಿಮ್ಮ ಕಂದು ಕಲೆಯೂ ಅದೇ ಇರಬೇಕು.

ಒಣ ಬಟ್ಟೆಯಲ್ಲಿ ಮಾತ್ರ ಒರೆಸಬೇಡಿ. ಹರಳಿನ ಮೇಲೆ ಬಟ್ಟೆ ಎಳೆದರೆ ಗಾಜಿಗೆ ಗೀಚು ಬೀಳುತ್ತದೆ. ಮೊದಲು ಉಪ್ಪು ಕರಗಬೇಕು.


ಕಾಳಿದಂಡೆ, ಕಾರವಾರ

ಮೇಟ್ ಸರ್, ನಿನ್ನೆ ಸಂಜೆ ಹೋಗಿದ್ದೆ. ಸೊನ್ನೆಯಲ್ಲಿ ಗೆರೆ ಕೂಡಿರಲಿಲ್ಲ, ಮೆಟ್ಟಿಲಿನ ಹಾಗೆ ಇತ್ತು. ಕೂಡಿಸಿದ ಮೇಲೆ ಡ್ರಮ್ 51.6 ತೋರಿಸಿತು. ಮೂರು ಸಲ ನೋಡಿದೆ, ಮೂರು ಸಲವೂ ಹೆಚ್ಚುಕಡಿಮೆ ಅಷ್ಟೇ. 51 ಮಿನಿಟ್ ತಪ್ಪು ಎಂದರೆ ಸುಮಾರು ಒಂದು ಡಿಗ್ರಿ ಆಯಿತಲ್ಲ? ಅಷ್ಟೊಂದು ಇರಲು ಸಾಧ್ಯವೇ?


ಹಳೇ ಮೇಟ್, ಕುಮಟಾ

ಗಾಬರಿ ಆಗಬೇಡ. ಇದು ಎಲ್ಲರೂ ಎಡವುವ ಜಾಗ. ತೋಳಿನ ಗುರುತು ಕಮಾನಿನ ಸೊನ್ನೆಯ ಯಾವ ಕಡೆ ಇದೆ ಎಂದು ನೋಡು. ಸೊನ್ನೆಯಿಂದ ಸ್ವಲ್ಪ ಹೊರಗೆ, ಬಲಕ್ಕೆ ಸರಿದಿರುತ್ತದೆ. ಆಗ ಡ್ರಮ್ ಹಿಂದಕ್ಕೆ ಓಡಿದೆ ಎಂದರ್ಥ. 60ರಲ್ಲಿ 51.6 ಕಳೆ. 8.4 ಮಿನಿಟ್. ಇದು ಕಮಾನಿನ ಹೊರಗಿನ ತಪ್ಪು.

ನಮಗೆ ಕಲಿಸಿದವರು ಹೇಳುತ್ತಿದ್ದದ್ದು ಇಷ್ಟೇ: ಮೇಲಿದ್ದರೆ ಕಳೆ, ಹೊರಗಿದ್ದರೆ ಕೂಡು. ಸೊನ್ನೆಯ ಒಳಗೆ, ಕಮಾನಿನ ಮೇಲೆ ಬಂದರೆ ಓದಿದ ಕೋನದಿಂದ ಕಳೆಯಬೇಕು. ಹೊರಗೆ ಬಂದರೆ ಕೂಡಬೇಕು. ನೀನು ಕೂಡಿಲ್ಲ. ಅದಕ್ಕೇ ಸೂರ್ಯ ಇದ್ದದ್ದಕ್ಕಿಂತ 8.4 ಮಿನಿಟ್ ತಗ್ಗಿನಲ್ಲಿ ಕಂಡ. ಅಕ್ಟೋಬರ್‌ನಲ್ಲಿ ಸೂರ್ಯ ನಮಗೆ ದಕ್ಷಿಣಕ್ಕೆ ಇರುತ್ತಾನೆ. ಅವನು ತಗ್ಗಿದಷ್ಟೂ ನೀನು ಉತ್ತರಕ್ಕೆ ಹೋದ ಹಾಗೆ ಲೆಕ್ಕ ಬರುತ್ತದೆ. ಈಗ ಮತ್ತೆ ಕೂಡಿಸಿ ನೋಡು. 14 ಡಿಗ್ರಿ 57ರಿಂದ 8.4 ತೆಗೆದರೆ 14 ಡಿಗ್ರಿ 48.6. ಜಿಪಿಎಸ್‌ಗೆ ಹತ್ತಿರ ಹತ್ತಿರ ಅರ್ಧ ಮೈಲು.

ಅಲೆಗೆ ಕುಣಿಯುವ ಮೀನುಗಾರಿಕೆ ಬೋಟಿನ ಮೇಲೆ ನಿಂತು ಅರ್ಧ ಮೈಲು ಎಂದರೆ ನಿನ್ನ ಕಣ್ಣು, ಕೈ ಎರಡೂ ಚೆನ್ನಾಗಿವೆ. ಪ್ರತಿ ಸಲ ಹಾಗೇ ಬರುತ್ತದೆ ಎಂದುಕೊಳ್ಳಬೇಡ. ಬೋಟಿನಲ್ಲಿ ಎರಡು ಮೈಲು ಒಳಗೆ ಬಂದರೆ ನಾನು ಖುಷಿ ಪಡುತ್ತೇನೆ.


ಕಾಳಿದಂಡೆ, ಕಾರವಾರ

ಸರ್, ನಿಜ ಹೇಳುತ್ತೇನೆ, ಇದನ್ನು ಓದಿ ಕಣ್ಣಲ್ಲಿ ನೀರು ಬಂತು. ಅಪ್ಪನ ಸಾಧನ ಕೆಟ್ಟಿದೆ ಎಂದು ಒಂದು ವಾರ ನಿದ್ದೆ ಸರಿ ಬಂದಿರಲಿಲ್ಲ.


ದಡದ ಕೆಡೆಟ್, ಅಂಕೋಲಾ

ನಾನು ಡೆಕ್ ಕೆಡೆಟ್, ರಜೆಯಲ್ಲಿ ಮನೆಗೆ ಬಂದಿದ್ದೇನೆ. ನಮಗೆ ತರಬೇತಿಯಲ್ಲಿ ಇಂಡೆಕ್ಸ್ ಎರರ್ ಕಂಡರೆ ಹಾರೈಜನ್ ಕನ್ನಡಿಯ (ಟೆಲಿಸ್ಕೋಪಿನ ಎದುರಿನ ಸಣ್ಣ ಕನ್ನಡಿ) ಸ್ಕ್ರೂ ತಿರುಗಿಸಿ ಸೊನ್ನೆ ಮಾಡಲು ಹೇಳಿಕೊಟ್ಟಿದ್ದಾರೆ. ಅಕ್ಕ, ಪೆಟ್ಟಿಗೆಯಲ್ಲಿ ಚಿಕ್ಕ ಚಾವಿ ಇರುತ್ತದೆ ನೋಡಿ. ಒಮ್ಮೆ ಸರಿ ಮಾಡಿಬಿಟ್ಟರೆ ಕೂಡುವ ಕಳೆಯುವ ರಗಳೆಯೇ ಇಲ್ಲ.


ಹಳೇ ಮೇಟ್, ಕುಮಟಾ

ತಮ್ಮಾ, ಹೇಳಿಕೊಟ್ಟದ್ದು ತಪ್ಪಲ್ಲ. ಆದರೆ ಪ್ರತಿ ಸಲ ಸೊನ್ನೆ ಮಾಡಲು ಹೊರಟರೆ ಆ ಪುಟ್ಟ ಸ್ಕ್ರೂಗಳ ಹಲ್ಲು ಸವೆದು, ಮುಂದೆ ಹಡಗಿನ ಅದುರಿಗೇ ತಾನಾಗಿ ಸಡಿಲವಾಗುತ್ತವೆ. ಎರಡು ಮೂರು ಮಿನಿಟ್ ಒಳಗಿದ್ದರೆ ನಾನು ಮುಟ್ಟುತ್ತಿರಲಿಲ್ಲ. ಎಷ್ಟಿದೆ ಎಂದು ಬರೆದುಕೊಂಡು ಲೆಕ್ಕದಲ್ಲಿ ಸೇರಿಸುತ್ತಿದ್ದೆ. 8.4 ಸ್ವಲ್ಪ ಜಾಸ್ತಿಯೇ. ಇದನ್ನು ಇಳಿಸಬಹುದು, ಆದರೆ ಮೊದಲು ಕಮಾನಿನ ಅಂಚಿನ ಹಲ್ಲು ಮತ್ತು ಡ್ರಮ್ ಸ್ವಚ್ಛ ಆಗಬೇಕು. ಅಂಟು ಹಿಡಿದ ಡ್ರಮ್ ಇಟ್ಟುಕೊಂಡು ಕನ್ನಡಿ ತಿದ್ದಿದರೆ ಯಾವ ತಪ್ಪು ಎಲ್ಲಿಯದು ಎಂದು ಗೊತ್ತಾಗುವುದಿಲ್ಲ.

ಇನ್ನೊಂದು. ಸೊನ್ನೆ ಮಾಡಿದ ಮೇಲೆ ಪರೀಕ್ಷೆ ಬಿಡುವುದಲ್ಲ. ಪ್ರತಿ ಸಲ ಹೊರಗೆ ತೆಗೆದಾಗಲೂ ಮೊದಲ ಕೆಲಸ ಅದೇ.


ಶಿರಸಿ ಗಡಿಯಾರ, ಶಿರಸಿ

ನಾನು ಹಡಗು ಹತ್ತಿದವನಲ್ಲ. ಗಡಿಯಾರ ರಿಪೇರಿ ನಮ್ಮ ಕಸುಬು. ಹಲ್ಲು, ಸ್ಕ್ರೂ, ಎಣ್ಣೆ ವಿಷಯ ಬಂದದ್ದಕ್ಕೆ ಬರೆಯುತ್ತಿದ್ದೇನೆ. ಒಬ್ಬರು ಹಳೇ ಸರ್ವೇಯರ್ ತಂದುಕೊಟ್ಟ ಸೆಕ್ಸ್‌ಟೆಂಟ್ ಒಂದನ್ನು ಬಿಚ್ಚಿ ಕೂಡಿಸಿದ್ದೂ ಇದೆ.

ತೆಂಗಿನ ಎಣ್ಣೆ ಯಂತ್ರಕ್ಕೆ ಹಾಕಲೇಬಾರದು ಮಾರಾಯ್ರೆ. ನಮ್ಮ ಶಿರಸಿ ಚಳಿಗೆ ಡಿಸೆಂಬರ್‌ನಲ್ಲಿ ಹೆಪ್ಪುಗಟ್ಟುತ್ತದೆ, ನಿಮ್ಮ ಕಡೆ ಹೆಪ್ಪುಗಟ್ಟದಿದ್ದರೂ ಕಮಟು ಹಿಡಿದು ಧೂಳು ಸೇರಿ ಮೇಣ ಆಗುತ್ತದೆ. ಅದು ಹಲ್ಲಿನ ಬುಡದಲ್ಲಿ ಕೂತಾಗ ಡ್ರಮ್ಮಿಗೆ ಸೇರಿದ ಸ್ಕ್ರೂ ಪೂರ್ತಿ ಒಳಗೆ ಇಳಿಯುವುದಿಲ್ಲ. ಹಲ್ಲಿನ ಮೇಲೆ ಎತ್ತಿಕೊಂಡು ನಿಲ್ಲುತ್ತದೆ. ಡ್ರಮ್ ಒಂದು ಹೇಳುತ್ತದೆ, ತೋಳು ಇನ್ನೊಂದು ಕಡೆ ಇರುತ್ತದೆ. ನಿಮಗೆ 40ರಿಂದ 50ರ ನಡುವೆ ಕಚ್ಚುವುದು ಇದೇ.

ತೆಗೆಯುವುದು ಹೀಗೆ. ಮೊದಲು ಎರಡು ಕನ್ನಡಿ, ಟೆಲಿಸ್ಕೋಪ್ ಎಲ್ಲವಕ್ಕೂ ಮೆತ್ತನೆ ಹತ್ತಿ ಬಟ್ಟೆ ಸುತ್ತಿ ಮುಚ್ಚಿ. ಹಳೇ ಮೆತ್ತನೆ ಹಲ್ಲುಜ್ಜುವ ಬ್ರಶ್ ತೆಗೆದುಕೊಳ್ಳಿ. ತುದಿಗೆ ಮಾತ್ರ ಒಂದು ಚೂರು ಸೀಮೆಎಣ್ಣೆ ಮುಟ್ಟಿಸಿ, ಒತ್ತಿ ಒರೆಸಿ, ಹನಿ ಬೀಳದ ಹಾಗೆ ಮಾಡಿಕೊಳ್ಳಿ. ಕಮಾನಿನ ಕೆಳ ಅಂಚಿನ ಹಲ್ಲುಗಳನ್ನು ಅಡ್ಡಕ್ಕೆ ಉಜ್ಜಬೇಡಿ, ಹಲ್ಲಿನ ಸಂದಿ ಯಾವ ದಿಕ್ಕಿಗೆ ಇದೆಯೋ ಆ ದಿಕ್ಕಿಗೇ ಎಳೆಯಿರಿ. ಐದಾರು ಹಲ್ಲು ಆದ ಮೇಲೆ ಬ್ರಶ್ ಒರೆಸಿ. ಹಳದಿ ಮೇಣ ಬರುವುದು ಕಾಣುತ್ತದೆ. ನಿಂತಲ್ಲಿ ಬಿಸಿಲಿಗೆ ಹಿಡಿದು ನೋಡಿ, ಪ್ರತಿ ಸಂದಿಯ ಬುಡದಲ್ಲೂ ಹಿತ್ತಾಳೆ ಬಣ್ಣ ಕಾಣಬೇಕು. ಒಂದೇ ಒಂದು ಸಂದಿಯಲ್ಲಿ ಕಪ್ಪು ಚುಕ್ಕೆ ಉಳಿದರೂ ಆ ಜಾಗದಲ್ಲಿ ಮತ್ತೆ ಕಚ್ಚುತ್ತದೆ. ಪಿನ್ನು, ಸೂಜಿ ಹಾಕಿ ಕೆರೆಯಬೇಡಿ. ಬೇಕಾದರೆ ತೆಂಗಿನ ಗರಿಯ ಹಿಡಿಕಡ್ಡಿ ಚೂಪು ಮಾಡಿಕೊಳ್ಳಿ. ಅದು ಹಿತ್ತಾಳೆಗಿಂತ ಮೆತ್ತಗೆ.

ಆಮೇಲೆ ಗಡಿಯಾರದ ಎಣ್ಣೆ ಅಥವಾ ಹೊಲಿಗೆ ಮಷಿನ್ ಎಣ್ಣೆ, ಸ್ಕ್ರೂ ಮೇಲೆ ಒಂದೇ ಹನಿ. ಡ್ರಮ್ ತಿರುಗಿಸುತ್ತಾ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನಿಧಾನ ನಡೆಸಿಕೊಂಡು ಹೋಗಿ. ಸ್ಕ್ರೂ ತಾನೇ ಎಲ್ಲ ಹಲ್ಲಿಗೂ ಎಣ್ಣೆ ಹಂಚುತ್ತದೆ. ಮಿಕ್ಕಿದ್ದನ್ನು ಒರೆಸಿ. ಕೈ ಮುಟ್ಟಿದರೆ ಜಿಡ್ಡು ಅನ್ನಿಸಬಾರದು, ಅಷ್ಟು ತೆಳು ಸಾಕು. ಸ್ಪ್ರೇ ಡಬ್ಬಿಯಲ್ಲಿ ಬರುವ ತುಕ್ಕು ಬಿಡಿಸುವ ಎಣ್ಣೆ ಬೇಡ, ಅದರ ತುಂತುರು ಕನ್ನಡಿಯ ಮೇಲೆ ಕೂರುತ್ತದೆ.

ಇನ್ನು ಹುಣಸೆಹಣ್ಣಿನ ಕಥೆ. ಅತ್ತೆಯವರಿಗೆ ಬೇಜಾರು ಮಾಡಬೇಡಿ, ಇದಕ್ಕೆ ಉಪಾಯ ಇದೆ. ಗೀರಿನ ಆಳ ಹೋಗಿಲ್ಲ, ಒಳಗೆ ತುಂಬಿದ್ದ ಬಣ್ಣ ಮಾತ್ರ ಹೋಗಿದೆ. ಉಗುರಿನ ತುದಿ ಮೆಲ್ಲಗೆ ಓಡಿಸಿ ನೋಡಿ, ಗೀರು ತಾಗಿದರೆ ಸರಿ. ದೇವರ ದೀಪದ ಮೇಲೆ ಒಂದು ಹಳೇ ಸ್ಟೀಲ್ ತಟ್ಟೆ ಹಿಡಿದು ಮಸಿ ತೆಗೆಯಿರಿ, ಕಣ್ಕಪ್ಪು ಮಾಡುತ್ತಿದ್ದರಲ್ಲ, ಹಾಗೆಯೇ. ಆ ಮಸಿಗೆ ಹೊಲಿಗೆ ಮಷಿನ್ ಎಣ್ಣೆ ಎರಡು ಹನಿ. ಬೆರಳಿನಲ್ಲಿ ಗೀರುಗಳ ಮೇಲೆ ತೀಡಿ. ಐದು ನಿಮಿಷ ಬಿಟ್ಟು ಒಣ ಬಟ್ಟೆಯನ್ನು ಬೆರಳಿಗೆ ಬಿಗಿಯಾಗಿ ಸುತ್ತಿ ಮೇಲ್ಮೈ ಮಾತ್ರ ಒರೆಸಿ. ಗೀರಿನೊಳಗಿನ ಮಸಿ ಹಾಗೇ ಉಳಿಯುತ್ತದೆ.


ಸಮುದ್ರವಿಲ್ಲದವ, ಸಿದ್ದಾಪುರ

ಸುಮ್ನೆ ಕೇಳುತ್ತಿದ್ದೇನೆ, ತಪ್ಪು ತಿಳಿಯಬೇಡಿ. ಜೇಬಿನಲ್ಲಿ ಜಿಪಿಎಸ್ ಇರುವಾಗ ಇಷ್ಟೆಲ್ಲ ಯಾಕೆ?


ದಡದ ಕೆಡೆಟ್, ಅಂಕೋಲಾ

ಜಿಪಿಎಸ್ ಸಂಕೇತವನ್ನು ಹೊರಗಿನಿಂದ ಅಡ್ಡಿಪಡಿಸಬಹುದು, ಸುಳ್ಳು ಸಂಕೇತ ಕಳಿಸಿ ದಾರಿ ತಪ್ಪಿಸಬಹುದು. ಸೂರ್ಯನನ್ನು ಹಾಗೆ ಮಾಡಲು ಆಗುವುದಿಲ್ಲ. ಅಮೆರಿಕದ ನೌಕಾ ಅಕಾಡೆಮಿ ನಿಲ್ಲಿಸಿದ್ದ ಪಾಠವನ್ನು 2015ರಲ್ಲಿ ಮತ್ತೆ ಶುರು ಮಾಡಿತು. ನಮ್ಮ ಅಭಿಲಾಷ್ ಟಾಮಿ ಗೋಲ್ಡನ್ ಗ್ಲೋಬ್ ರೇಸ್‌ನಲ್ಲಿ ಒಬ್ಬರೇ ಹಾಯಿದೋಣಿಯಲ್ಲಿ ಭೂಮಿ ಸುತ್ತಿ 2023ರಲ್ಲಿ ಎರಡನೆಯವರಾಗಿ ಮುಗಿಸಿದರು. ಆ ಸ್ಪರ್ಧೆಯಲ್ಲಿ ದಾರಿ ಹುಡುಕಲು ಜಿಪಿಎಸ್ ಬಳಸುವಂತಿಲ್ಲ, ಸೆಕ್ಸ್‌ಟೆಂಟ್ ಮತ್ತು ಕಾಗದದ ನಕ್ಷೆಯೇ ಗತಿ.


ಫಿಸಿಕ್ಸ್ ಮೇಷ್ಟ್ರು, ಹೊನ್ನಾವರ

ಚರ್ಚೆ ಚೆನ್ನಾಗಿ ನಡೆದಿದೆ. ಕನ್ನಡಿಗಳ ಬಗ್ಗೆ ನನ್ನದೂ ಸ್ವಲ್ಪ ಸೇರಿಸುತ್ತೇನೆ, ಯಾಕೆಂದರೆ ಯಾವುದು ಮೊದಲು, ಯಾವುದು ಆಮೇಲೆ ಎಂಬುದು ಇಲ್ಲಿ ಮುಖ್ಯ.

ಸೆಕ್ಸ್‌ಟೆಂಟ್ ಎಂಬ ಹೆಸರು ಬಂದದ್ದು ಕಮಾನು ವೃತ್ತದ ಆರನೇ ಒಂದು ಭಾಗ, 60 ಡಿಗ್ರಿ ಇರುವುದರಿಂದ. ಆದರೆ ಅದರ ಮೇಲೆ 120 ಡಿಗ್ರಿವರೆಗೆ ಬರೆದಿರುತ್ತದೆ. ಕನ್ನಡಿ ಒಂದು ಡಿಗ್ರಿ ತಿರುಗಿದರೆ ಬೆಳಕಿನ ಕಿರಣ ಎರಡು ಡಿಗ್ರಿ ತಿರುಗುತ್ತದೆ. ಅದಕ್ಕೇ ಕನ್ನಡಿ ಅರ್ಧ ಮಿನಿಟ್ ವಾಲಿದರೂ ನಿಮ್ಮ ಓದಿನಲ್ಲಿ ಒಂದು ಮಿನಿಟ್, ನಕ್ಷೆಯಲ್ಲಿ ಒಂದು ಮೈಲು.

ಮೊದಲು ತೋಳಿನ ಮೇಲಿರುವ ದೊಡ್ಡ ಕನ್ನಡಿ ನೋಡಿ, ಇಂಡೆಕ್ಸ್ ಕನ್ನಡಿ. ತೋಳನ್ನು 35 ಡಿಗ್ರಿ ಹತ್ತಿರ ನಿಲ್ಲಿಸಿ. ಸಾಧನವನ್ನು ಮಲಗಿಸಿ ಹಿಡಿಯಿರಿ, ಕನ್ನಡಿ ಕಣ್ಣಿನ ಹತ್ತಿರ, ಕಮಾನು ಆಚೆ ಕಡೆ. ಕನ್ನಡಿಯೊಳಗೆ ಓರೆಯಾಗಿ ನೋಡಿದರೆ ಕಮಾನಿನ ಬಿಂಬ ಕಾಣುತ್ತದೆ, ಕನ್ನಡಿಯ ಪಕ್ಕದಲ್ಲಿ ನಿಜವಾದ ಕಮಾನು ಕಾಣುತ್ತದೆ. ಎರಡೂ ಸೇರಿ ಒಂದೇ ಪಟ್ಟಿಯ ಹಾಗೆ ಇರಬೇಕು. ಮುರಿದ ಬಳೆಯ ಹಾಗೆ ಮೇಲೆ ಕೆಳಗೆ ಆಗಿದ್ದರೆ ಕನ್ನಡಿ ವಾಲಿದೆ. ಅದರ ಹಿಂದಿನ ಒಂದು ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸಿ.

ಆಮೇಲೆ ಹಾರೈಜನ್ ಕನ್ನಡಿಯ ಪಕ್ಕದ ವಾಲು. ಇದಕ್ಕೆ ರಾತ್ರಿ ಒಳ್ಳೆಯದು. ಸೊನ್ನೆಗೆ ತಂದು ಒಂದು ನಕ್ಷತ್ರ ನೋಡಿ. ಡ್ರಮ್ ತಿರುಗಿಸಿದಾಗ ಬಿಂಬದ ನಕ್ಷತ್ರ ನಿಜ ನಕ್ಷತ್ರದ ಮೇಲಿನಿಂದ ಹಾದು ಇಳಿಯಬೇಕು. ಪಕ್ಕದಲ್ಲಿ ಜಾರಿ ಹೋದರೆ ಸ್ಕ್ರೂ ತಿದ್ದಬೇಕು. ಇಂಡೆಕ್ಸ್ ಎರರ್ ಕೊನೆಗೆ. ಹಾರೈಜನ್ ಕನ್ನಡಿಯ ಎರಡು ಸ್ಕ್ರೂಗಳಲ್ಲಿ ಒಂದನ್ನು ಮುಟ್ಟಿದರೆ ಇನ್ನೊಂದರ ಲೆಕ್ಕವೂ ಸ್ವಲ್ಪ ಅಲುಗುತ್ತದೆ. ಎರಡು ಮೂರು ಸುತ್ತು ಹಿಂದೆ ಮುಂದೆ ಮಾಡಬೇಕಾಗುತ್ತದೆ. ತಾಳ್ಮೆ ಬೇಕು.

ಸೊನ್ನೆ ನೋಡಲು ಎದುರು ಮನೆಯ ಮಾಡು, ತೆಂಗಿನ ಮರ ಇವು ಆಗುವುದಿಲ್ಲ. ಎರಡು ಕನ್ನಡಿಗಳ ನಡುವೆ ನಾಲ್ಕು ಬೆರಳಿನಷ್ಟು ಅಂತರ ಇದೆ. ಕಾಲು ಕಿಲೋಮೀಟರ್ ದೂರದ ವಸ್ತುವಿಗೆ ಆ ಅಂತರವೇ ಸುಮಾರು ಒಂದು ಮಿನಿಟ್ ಕೋನ ಮಾಡುತ್ತದೆ. ಇಲ್ಲದ ತಪ್ಪನ್ನು ತಿದ್ದಿದ ಹಾಗಾಗುತ್ತದೆ. ಕಡಲ ಗೆರೆ, ಸೂರ್ಯ, ನಕ್ಷತ್ರ ಇವೇ ಸರಿ.

ಕಲೆ ಬಿದ್ದ ಕನ್ನಡಿಯ ಬದಲು ಗಾಜಿನ ಅಂಗಡಿಯಲ್ಲಿ ತುಂಡು ಕತ್ತರಿಸಿ ಹಾಕುವ ಯೋಚನೆ ಇದ್ದರೆ ದಯವಿಟ್ಟು ಬೇಡ. ಮುಖ ನೋಡುವ ಕನ್ನಡಿಯ ಎರಡು ಮೈ ಅಷ್ಟು ನಿಖರವಾಗಿ ಸಮಾನಾಂತರ ಇರುವುದಿಲ್ಲ. ಓರೆಯಿಂದ ದೂರದ ದೀಪದ ಬಿಂಬ ನೋಡಿ, ಒಂದರ ಜಾಗದಲ್ಲಿ ಎರಡು ಕಂಡರೆ ಆ ಗಾಜು ಕೆಲಸಕ್ಕೆ ಬಾರದು. ಅಂಚಿನ ಕಲೆ ಮಧ್ಯಕ್ಕೆ ಬರುವವರೆಗೆ ಹಳೆಯದೇ ಚೆನ್ನ. ಕನ್ನಡಿಯ ಹಿಂಬದಿ ಅಂಚಿಗೆ ಬಣ್ಣವಿಲ್ಲದ ನೇಲ್ ಪಾಲಿಶ್ ತೆಳುವಾಗಿ ಹಚ್ಚಿ. ತೇವ ಒಳಗೆ ಹೋಗುವುದು ತಪ್ಪುತ್ತದೆ, ಕಲೆ ಅಲ್ಲಿಗೇ ನಿಲ್ಲುವ ಸಾಧ್ಯತೆ ಇದೆ.


ಬಂದರು ಬದಿ, ಭಟ್ಕಳ

ನನ್ನ ಬಳಿ ಪ್ಲಾಸ್ಟಿಕ್ ಸೆಕ್ಸ್‌ಟೆಂಟ್ ಇದೆ. ಕಲಿಯಲು ಅಡ್ಡಿಲ್ಲ. ಆದರೆ ಬಿಸಿಲಿಗೆ ಹತ್ತು ನಿಮಿಷ ಹಿಡಿದರೆ ಇಂಡೆಕ್ಸ್ ಎರರ್ ಬದಲಾಗುತ್ತದೆ. ನಾನು ಅಳೆಯುವ ಮೊದಲೂ ನೋಡುತ್ತೇನೆ, ಅಳೆದ ಮೇಲೂ ನೋಡುತ್ತೇನೆ. ಎರಡರ ಸರಾಸರಿ ಹಿಡಿಯುತ್ತೇನೆ. ಹಿತ್ತಾಳೆಯದನ್ನು ಪಡೆದವರು ಪುಣ್ಯವಂತರು, ಜೋಪಾನ ಮಾಡಿ.


ಕಾಳಿದಂಡೆ, ಕಾರವಾರ

ಮಳೆಗಾಲದಲ್ಲಿ ಇದನ್ನು ಹೇಗೆ ಇಡಬೇಕು ಎಂದೂ ಹೇಳುತ್ತೀರಾ? ಪೆಟ್ಟಿಗೆಯ ಒಳಗಿನ ಬನಾತಿನ ಬಟ್ಟೆ ಬೂಸ್ಟು ಹಿಡಿದಿತ್ತು. ಅಮ್ಮ ನುಸಿಗುಳಿಗೆ ಹಾಕಿಟ್ಟಿದ್ದರು.


ಹಳೇ ಮೇಟ್, ಕುಮಟಾ

ನುಸಿಗುಳಿಗೆ, ಕರ್ಪೂರ ಎರಡನ್ನೂ ಇಂದೇ ತೆಗೆ. ಅವು ಆವಿಯಾಗಿ ಹೋಗಿ ಗಾಜಿನ ಮೇಲೆ ಪೊರೆಯಾಗಿ ಕೂರುತ್ತವೆ. ಸಿಲಿಕಾ ಜೆಲ್ ಹಾಕು, ಬಣ್ಣ ಬದಲಾಗುವ ಜಾತಿಯದು. ಬಣ್ಣ ತಿರುಗಿದಾಗ ಅಡುಗೆಗೆ ಬಳಸದ ಹಳೇ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಒಣಗಿಸು, ಮತ್ತೆ ಕೆಲಸಕ್ಕೆ ಬರುತ್ತದೆ. ಪೆಟ್ಟಿಗೆಯನ್ನು ಗೋಡೆಗೆ ತಾಗಿಸಿ ಇಡಬೇಡ, ನೆಲದ ಮೇಲೂ ಬೇಡ. ನಮ್ಮ ಕಡೆ ಜೂನ್, ಜುಲೈನಲ್ಲಿ ಗೋಡೆಯೇ ಬೆವರುತ್ತದೆ. ಮೀನುಗಾರಿಕೆ ನಿಷೇಧದ ಆ 61 ದಿನ ಬೋಟುಗಳೂ ದಡದಲ್ಲೇ ಇರುತ್ತವೆ, ಆದರೂ ವಾರಕ್ಕೊಮ್ಮೆ ಪೆಟ್ಟಿಗೆ ತೆರೆದು, ಮಳೆ ಬಿಟ್ಟ ಹೊತ್ತಿನಲ್ಲಿ ಫ್ಯಾನ್ ಕೆಳಗೆ ಅರ್ಧ ಗಂಟೆ ಇಡು. ಬಿಸಿಲಿಗೆ ಒಣಗಲು ಇಡಬೇಡ. ಟೆಲಿಸ್ಕೋಪಿನ ಲೆನ್ಸ್‌ಗಳ ಅಂಟು ಬಿಸಿಗೆ ಹಾಳಾಗುತ್ತದೆ.

ಕಡಲಿಗೆ ಹೋಗಿ ಬಂದ ದಿನ ಮಾಡಬೇಕಾದ್ದು ಇಷ್ಟೇ. ಬಾವಿಯ ಸಿಹಿನೀರಿನಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಹತ್ತಿ ಬಟ್ಟೆಯಿಂದ ಚೌಕಟ್ಟು ಒರೆಸು. ಕನ್ನಡಿ, ಶೇಡ್ ಗಾಜಿಗೆ ಬೇರೆ ಬಟ್ಟೆ. ಒತ್ತಿ ಎತ್ತು, ಒತ್ತಿ ಎತ್ತು, ಎಳೆಯಬೇಡ. ಕೊನೆಗೆ ಒಣ ಲೆನ್ಸ್ ಕಾಗದ. ಐದು ನಿಮಿಷದ ಕೆಲಸ. ಪಂಚೆಯ ತುದಿ, ಶರ್ಟಿನ ತುದಿಯಲ್ಲಿ ಒರೆಸಿದವರ ಕನ್ನಡಿಗಳನ್ನು ನಾನು ನೋಡಿದ್ದೇನೆ, ಜೇಡರ ಬಲೆಯ ಹಾಗೆ ಗೀಚು.

ಎತ್ತುವುದೂ ಒಂದು ಕಲೆ. ಎಡಗೈಯಿಂದ ಚೌಕಟ್ಟು ಹಿಡಿದು ಎತ್ತಿ ಬಲಗೈಗೆ ಹಿಡಿಕೆ ಕೊಡು. ತೋಳು ಹಿಡಿದು ಎತ್ತಬೇಡ, ಕಮಾನು ಹಿಡಿದೂ ಬೇಡ. ತೋಳು ಸರಿಸುವಾಗ ಕ್ಲಾಂಪನ್ನು ಪೂರ್ತಿ ಒತ್ತಿ, ಸ್ಕ್ರೂ ಹಲ್ಲಿನಿಂದ ಪೂರ್ತಿ ಬಿಟ್ಟ ಮೇಲೆಯೇ ಸರಿಸು. ಅರ್ಧ ಒತ್ತಿ ಎಳೆದರೆ ಕರಕರ ಸದ್ದು ಬರುತ್ತದಲ್ಲ, ಅದು ಹಲ್ಲು ಸವೆಯುವ ಸದ್ದು.

ಅಳೆಯುವಾಗ ಡ್ರಮ್ ಅನ್ನು ಯಾವಾಗಲೂ ಒಂದೇ ದಿಕ್ಕಿನಿಂದ ತಿರುಗಿಸಿ ನಿಲ್ಲಿಸು. ಹಳೇ ಸಾಧನದಲ್ಲಿ ಹಲ್ಲಿಗೂ ಸ್ಕ್ರೂಗೂ ನಡುವೆ ಸ್ವಲ್ಪ ಆಟ ಇರುತ್ತದೆ. ಸೊನ್ನೆ ನೋಡಿದ ದಿಕ್ಕು, ಸೂರ್ಯನನ್ನು ಇಳಿಸಿದ ದಿಕ್ಕು ಒಂದೇ ಆದರೆ ಆ ತಪ್ಪು ತಾನಾಗಿ ಹೋಗುತ್ತದೆ.

ಪೆಟ್ಟಿಗೆಯ ಮುಚ್ಚಳದ ಒಳಗೆ ಒಂದು ಚೀಟಿ ಅಂಟಿಸಿರಬೇಕು ನೋಡು. ನಮ್ಮಿಂದ ತಿದ್ದಲು ಆಗದ ತಪ್ಪುಗಳನ್ನು ತಯಾರಿಸಿದವರು ಅಳೆದು ಕೊಟ್ಟ ಪಟ್ಟಿ ಅದು. ಹರಿಯದ ಹಾಗೆ ಕಾಪಾಡು.


ಕಾಳಿದಂಡೆ, ಕಾರವಾರ

ಎರಡು ವಾರದ ನಂತರ ಬರೆಯುತ್ತಿದ್ದೇನೆ. ಎಲ್ಲರೂ ಹೇಳಿದ ಕ್ರಮದಲ್ಲೇ ಮಾಡಿದೆ.

ಹಲ್ಲು ತೊಳೆಯಲು ಎರಡು ಸಂಜೆ ಹಿಡಿಯಿತು. 43 ಡಿಗ್ರಿ ಹತ್ತಿರ ಒಂದು ಸಂದಿಯಲ್ಲಿ ಮೇಣದ ಜೊತೆ ಮರಳಿನ ಒಂದು ಕಣ ಸಿಕ್ಕಿತು. ಹಿಡಿಕಡ್ಡಿಯ ತುದಿಯಲ್ಲಿ ಬಂದಾಗ ಬಿಳಿ ಕಾಗದದ ಮೇಲೆ ಇಟ್ಟು ನೋಡಿದೆ, ಸಾಸಿವೆಯ ಕಾಲು ಭಾಗದಷ್ಟಿತ್ತು. ಈಗ ಡ್ರಮ್ ಒಂದು ತುದಿಯಿಂದ ಇನ್ನೊಂದು ತುದಿಗೆ ಬೆಣ್ಣೆಯ ಹಾಗೆ ಹೋಗುತ್ತದೆ. ಮಸಿ ತೆಗೆದದ್ದು ಅತ್ತೆಯೇ. ಅವರೇ ದೀಪ ಹಚ್ಚಿ, ತಟ್ಟೆ ಹಿಡಿದು, ಗೀರುಗಳಿಗೆ ತೀಡಿಕೊಟ್ಟರು. ಮೇಲ್ಮೈ ಒರೆಸಿದಾಗ ಒಂದೊಂದೇ ಗೀರು, ಒಂದೊಂದೇ ಅಂಕಿ ಕಪ್ಪಗೆ ಎದ್ದು ಬಂತು. 70ರ ಹತ್ತಿರ ಎರಡು ಗೀರು ಮಾತ್ರ ಇನ್ನೂ ತಿಳಿ.

ಇಂಡೆಕ್ಸ್ ಕನ್ನಡಿ ಸರಿಯಾಗೇ ಇತ್ತು, ಮುಟ್ಟಲಿಲ್ಲ. ಪಕ್ಕದ ವಾಲು ಸ್ವಲ್ಪ ಇತ್ತು, ತಿದ್ದಿದೆ. ಆಮೇಲೆ ಇಂಡೆಕ್ಸ್ ಎರರ್ ಇಳಿಸಿದೆ. ನಾಲ್ಕು ಸುತ್ತು ಬೇಕಾಯಿತು. ನಂತರ ಸೂರ್ಯನಿಂದ ಪರೀಕ್ಷಿಸಿದೆ. ಎರಡೂ ಕಡೆಯ ಕಪ್ಪು ಶೇಡ್ ಹಾಕಿಕೊಂಡೇ ಮಾಡಿದೆ. ಬಿಂಬದ ಸೂರ್ಯನ ಅಂಚನ್ನು ನಿಜ ಸೂರ್ಯನ ಒಂದು ಅಂಚಿಗೆ ಮುಟ್ಟಿಸಿದಾಗ ಕಮಾನಿನ ಮೇಲೆ 31.0. ಇನ್ನೊಂದು ಅಂಚಿಗೆ ಮುಟ್ಟಿಸಿದಾಗ ಡ್ರಮ್ 26.6, ಅಂದರೆ ಹೊರಗೆ 33.4. ವ್ಯತ್ಯಾಸದ ಅರ್ಧ 1.2, ಹೊರಗಿನ ತಪ್ಪು, ಕೂಡಬೇಕು. ಸರಿ ಅಲ್ವಾ?


ಫಿಸಿಕ್ಸ್ ಮೇಷ್ಟ್ರು, ಹೊನ್ನಾವರ

ಸರಿ. ನಿಮ್ಮ ಅಳತೆಯನ್ನು ಅದರಿಂದಲೇ ಪರೀಕ್ಷಿಸಬಹುದು. 31.0 ಮತ್ತು 33.4 ಕೂಡಿಸಿದರೆ 64.4. ನಾಲ್ಕರಿಂದ ಭಾಗಿಸಿದರೆ 16.1. ಅದು ಸೂರ್ಯನ ಅರ್ಧ ವ್ಯಾಸ. ಅಕ್ಟೋಬರ್ ಕೊನೆಗೆ ಪಂಚಾಂಗದಲ್ಲೂ 16.1 ಇದೆ. ಜುಲೈನಲ್ಲಿ 15.8, ಜನವರಿಯಲ್ಲಿ 16.3. ಹೀಗೆ ಹೊಂದಿದರೆ ಅಂಚು ಮುಟ್ಟಿಸಿದ್ದು ಸರಿಯಾಗಿದೆ ಎಂದು ಧೈರ್ಯವಾಗಿ ಹೇಳಬಹುದು. ಸೂರ್ಯ ಮುಳುಗುವ ಹೊತ್ತಿಗೆ ಮಾತ್ರ ಈ ಪರೀಕ್ಷೆ ಮಾಡಬೇಡಿ. ಆಗ ಗಾಳಿಯ ದಪ್ಪಕ್ಕೆ ಸೂರ್ಯ ಚಪ್ಪಟೆಯಾಗಿ ಕಾಣುತ್ತಾನೆ.

ಶೇಡ್ ಬದಲಿಸಿ ಇನ್ನೊಂದು ಸಲ ಇದೇ ಅಳತೆ ಮಾಡಿ ನೋಡಿ. ಉತ್ತರ ಬೇರೆ ಬಂದರೆ ಆ ಶೇಡ್ ಗಾಜಿನಲ್ಲೇ ತಪ್ಪಿದೆ.


ಕಾಳಿದಂಡೆ, ಕಾರವಾರ

ಶೇಡ್ ಬದಲಿಸಿ ನೋಡಿದೆ, 1.2 ಮತ್ತು 1.3. ಈಗ ಒಂದೇ ತೊಂದರೆ. ಮಾವನಿಗೆ ಮೀನುಗಾರಿಕೆ ಜೋರು, ಪ್ರತಿ ವಾರ ಬೋಟ್ ಕೇಳಲು ಆಗುವುದಿಲ್ಲ. ದಡದಿಂದ ನಡುಮಧ್ಯಾಹ್ನದ ಅಳತೆ ಮಾಡೋಣವೆಂದರೆ ಠಾಗೋರ್ ತೀರದಲ್ಲಿ ದಕ್ಷಿಣಕ್ಕೆ ಬೈತಖೋಲ್ ಗುಡ್ಡ ಅಡ್ಡ ಬರುತ್ತದೆ. ಗೆರೆಯೇ ಕಾಣುವುದಿಲ್ಲ.


ಹಳೇ ಮೇಟ್, ಕುಮಟಾ

ಅಂಗಳದಲ್ಲೇ ಮಾಡಬಹುದು. ಅಗಲದ ತಟ್ಟೆಯಲ್ಲಿ ಎಣ್ಣೆ ಇಟ್ಟು, ಅದರಲ್ಲಿ ಕಾಣುವ ಸೂರ್ಯನ ಮೇಲೆ ಕನ್ನಡಿಯ ಸೂರ್ಯನನ್ನು ಕೂರಿಸು. ಓದಿದ ಕೋನಕ್ಕೆ ಮೊದಲು 1.2 ಕೂಡು, ಆಮೇಲೆ ಎರಡರಿಂದ ಭಾಗಿಸು. ಡಿಪ್ ಬೇಕಿಲ್ಲ. ಆದರೆ ಈಗಲೇ ಆಗುವುದಿಲ್ಲ. ಕೋನ ಎರಡು ಪಟ್ಟು ಆಗುವುದರಿಂದ ಸೂರ್ಯ 60 ಡಿಗ್ರಿಗಿಂತ ಮೇಲಿದ್ದರೆ ಕಮಾನು ಸಾಲುವುದಿಲ್ಲ. ಕಾರವಾರದಲ್ಲಿ ನವೆಂಬರ್ ಮೊದಲ ವಾರ ಕಳೆಯಲಿ. ಅಲ್ಲಿಂದ ಫೆಬ್ರವರಿ ಮೊದಲ ವಾರದವರೆಗೆ ನಡುಮಧ್ಯಾಹ್ನವೂ ಸಿಗುತ್ತಾನೆ. ಡಿಸೆಂಬರ್ 21ಕ್ಕೆ ಎತ್ತರ 52 ಡಿಗ್ರಿ ಹತ್ತಿರ, ತಟ್ಟೆಯಲ್ಲಿ 104. ಗಡಿಯಾರದಲ್ಲಿ ಹನ್ನೆರಡೂವರೆಯ ಆಸುಪಾಸು ಕಾಯಬೇಕು, ಹನ್ನೆರಡಕ್ಕೆ ಅಲ್ಲ.


ಶಿರಸಿ ಗಡಿಯಾರ, ಶಿರಸಿ

ಎಣ್ಣೆ ಗಾಳಿಗೆ ಅಲುಗಿದರೆ ಜೋನಿಬೆಲ್ಲ (ನೀರುಬೆಲ್ಲ) ಹಾಕಿ ನೋಡಿ. ದಪ್ಪ ಇರುವುದರಿಂದ ಅಲೆ ಏಳುವುದಿಲ್ಲ, ಕಪ್ಪು ಇರುವುದರಿಂದ ಬಿಂಬ ಸ್ಪಷ್ಟ. ಸುರಿದ ಮೇಲೆ ಸಮ ಆಗಲು ಸ್ವಲ್ಪ ಹೊತ್ತು ಬಿಡಿ. ಹೋದ ವರ್ಷದ ಜೋನಿ ನಮ್ಮಲ್ಲಿ ಇದೆ. ಕಾರವಾರಕ್ಕೆ ಬರುವವರ ಕೈಯಲ್ಲಿ ಒಂದು ಡಬ್ಬಿ ಕಳಿಸುತ್ತೇನೆ. ತಟ್ಟೆಯ ಸುತ್ತ ನೀರು ಇಟ್ಟುಕೊಳ್ಳಿ, ಇರುವೆ ಬರುತ್ತದೆ.


ಕಾಳಿದಂಡೆ, ಕಾರವಾರ

ಕಳಿಸಿ ಅಣ್ಣ. ಅತ್ತೆ ಆಗಲೇ ದೊಡ್ಡ ಹರಿವಾಣ ತೆಗೆದಿಟ್ಟಿದ್ದಾರೆ.